ಬಿಸಿನೀರು ಕಂಡ ಚಿನ್ನದ ಕಂಪನಿ

ಬಹಳ ಬಹಳ ಹಿಂದೆ, ಅಂದರೆ ಹೋದ ಗುರುವಾರ, ಒಂದು ಪುಟ್ಟ ಕಂಪನಿ ಇತ್ತು. ನೆಲ ಕೊರೆದು ಚಿನ್ನ ಹುಡುಕುವುದು ಅದರ ಕಸುಬು. ಚಿನ್ನವೊಂದು ಮಾತ್ರ ಸಿಕ್ಕಿರಲಿಲ್ಲ.

ಅದರ ಷೇರು ಕೊಳ್ಳಲೆಂದು ನನ್ನ ಅಜ್ಜಿ ಕೈಯಲ್ಲಿದ್ದ ಒಂದೇ ಚಿನ್ನದ ಬಳೆ ಮಾರಲು ಹೊರಟಳು. ಬಳೆಯೋ, ಗೆಣ್ಣು ದಾಟಲೊಲ್ಲದು. ಬಚ್ಚಲಲ್ಲಿ ಸ್ಟೂಲು ಹಾಕಿಕೊಂಡು ಮುಂಗೈಗೆ ಸೋಪು ತಿಕ್ಕುತ್ತ ಕೂತಳು.

"ಪೇಪರಲ್ಲಿ ಎಲ್ಲ ಕಂಪನಿ ಎದುರೂ ಪಿ.ಇ. ಅಂತ ಒಂದು ಅಂಕಿ ಇದೆ. ಇದರ ಎದುರು ಬರೀ ಗೀಟು. ಅದೇನು ತಿಳ್ಕೊಂಡು ಬಾ, ಆಮೇಲೆ ಬಳೆ ತೆಗೀತೀನಿ. ಕತೆ ಥರ ಹೇಳ್ಬೇಕು ಮತ್ತೆ. ನಿನಗೆ ನಾನೇನು ಕಡಿಮೆ ಹೇಳಿದೀನಾ?"

ಮಾತು ಕೊಟ್ಟು ಹೊರಟೆ.

ಕಂಪನಿಯ ಆಫೀಸು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮಹಡಿಯಲ್ಲಿತ್ತು. ಕೆಳಗೆ ಕೊರೆಯುವ ಸದ್ದಾದಾಗಲೆಲ್ಲ ಮ್ಯಾನೇಜರು ಆಸೆಯಿಂದ ನೆಲ ನೋಡುತ್ತಿದ್ದರು.

"ಕೂತ್ಕೊಳ್ಳಮ್ಮ. ಷೇರಿನ ಬೆಲೆಯನ್ನ ಅದರ ಒಂದು ವರ್ಷದ ಲಾಭದಿಂದ ಭಾಗಿಸಿದ್ರೆ ಪಿ.ಇ. ಬೆಲೆ ನೂರು, ಲಾಭ ಹತ್ತು ಅಂದ್ರೆ ಪಿ.ಇ. ಹತ್ತು. ಲಾಭ ಹಾಗೇ ಇದ್ರೆ, ಹಾಕಿದ್ದನ್ನ ಗಳಿಸೋಕೆ ಹತ್ತು ವರ್ಷ."

"ನಿಮ್ಮದು?"

"ನಮಗೆ ಲಾಭವೇ ಇಲ್ವಲ್ಲ, ಯಾವುದರಿಂದ ಭಾಗಿಸೋದು? ಅದಕ್ಕೇ ಗೀಟು. ಒಳ್ಳೇ ಗೀಟಮ್ಮ ಅದು. ಜನ ಅದರ ಹಿಂದೆ ಏನು ಬೇಕಾದ್ರೂ ಕಾಣ್ತಾರೆ."

ಅಷ್ಟರಲ್ಲಿ ಫೋನು ಬಂತು. ಕೊರೆಯುವವರದು. ತೂತಿನಿಂದ ಚಿನ್ನದ ಬದಲು ಬಿಸಿನೀರು ಚಿಮ್ಮಿತ್ತಂತೆ. ಸುತ್ತ ತಗಡು ಕಟ್ಟಿ ಸ್ನಾನಕ್ಕೆ ಬಿಟ್ಟರೆ ಜನ ಮುಗಿಬಿದ್ದರಂತೆ. ಎಲ್ಲ ಖರ್ಚು ಕಳೆದು ಲಾಭ ಉಳಿದಿದೆಯಂತೆ.

ಮ್ಯಾನೇಜರ ಮುಖ ಬಿಳಿಚಿಕೊಂಡಿತು. "ಲಾಭಾನಾ? ಯಾರನ್ನ ಕೇಳಿ ಮಾಡಿದ್ರಿ?"

ಫೋನಿಟ್ಟು ಲೆಕ್ಕ ಹಾಕಿದರು. ಷೇರಿನ ಬೆಲೆ ನೂರು ರೂಪಾಯಿ, ಷೇರೊಂದಕ್ಕೆ ಲಾಭ ಒಂದು ಪೈಸೆ. ಪಿ.ಇ. ಹತ್ತು ಸಾವಿರ.

"ಹತ್ತು ಸಾವಿರ ವರ್ಷ ಯಾರು ಕಾಯ್ತಾರೆ?" ಎಂದೆ.

"ಗೀಟಿದ್ದಾಗ ಕಾಯ್ತಿದ್ರಲ್ಲಮ್ಮ," ಎಂದು ತಲೆ ಮೇಲೆ ಕೈ ಹೊತ್ತು ಕೂತರು.

ಮರುಕ್ಷಣ ಎದ್ದರು. ಕೊರೆಯುವವರಿಗೆ ಫೋನು ಮಾಡಿ ಬಿಸಿನೀರಿನ ಬಾಯಿಗೆ ಸಿಮೆಂಟು ಹಾಕಲು ಹೇಳಿದರು. ಎದುರಂಗಡಿಗೆ ಓಡಿ ಲಾಭಕ್ಕೆಲ್ಲ ಟವೆಲ್ಲು ಕೊಂಡು ತಂದರು. ಆಫೀಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಟವೆಲ್ಲು. ಹಲ್ಲುನೋವಿನವರಿಗೂ ಹಂಚಿದರು. ಸಂಜೆಗೆ ಲಾಭ ಪೂರ್ತಿ ಕರಗಿ, ಗೀಟು ತನ್ನ ಜಾಗಕ್ಕೆ ಬಂತು. ಅವರಿಗೆ ಹೋದ ಜೀವ ಬಂದಂತಾಯಿತು. ನನ್ನ ಹೆಗಲಿಗೂ ಒಂದು ಟವೆಲ್ಲು ಹಾಕಿ ಕಳಿಸಿದರು.

ಅಜ್ಜಿ ಬಚ್ಚಲಲ್ಲೇ ಇದ್ದಳು. ಕೈಮೇಲಿನ ಸೋಪು ಒಣಗಿ ಬಿರುಕು ಬಿಟ್ಟಿತ್ತು. ಒಂದಕ್ಷರ ಬಿಡದೆ ಹೇಳಿದೆ.

"ಹಾಗಾದ್ರೆ ಗೀಟು ಅಂದ್ರೆ ಲಾಭ ಇಲ್ಲ ಅಂತ."

"ಹೂಂ. ಅಲ್ಲಿ ಬೆಲೆ ಇರೋದು ಚಿನ್ನಕ್ಕಲ್ಲ ಅಜ್ಜಿ, ಸಿಕ್ಕರೂ ಸಿಗಬಹುದು ಅನ್ನೋದಕ್ಕೆ. ಸಿಗದಿದ್ರೆ ನಿನ್ನ ಬಳೆ ಹೋದ ಹಾಗೇ."

ಅಜ್ಜಿ ಯೋಚಿಸಿದಳು. "ಆ ಬಿಸಿನೀರಿನದೇ ಬೇರೆ ಷೇರು ಸಿಗತ್ತೇನೇ?"

"ಮುಚ್ಚಿಬಿಟ್ರು."

"ಹಾಳಾದವರು," ಎಂದು ಕೈ ಚಾಚಿದಳು. ಚೊಂಬಿನಿಂದ ನೀರು ಹೊಯ್ದೆ. ಸೋಪು ಹೋಯಿತು, ಬಳೆ ಇದ್ದಲ್ಲೇ ಉಳಿಯಿತು. ಒರೆಸಿಕೊಳ್ಳಲು ಟವೆಲ್ಲು ಕೊಟ್ಟೆ.