ಸೊಸೆಯ ಟೀ

ಎದೆ ಡವಡವ ಎಂದಾಗಲೆಲ್ಲ ಟೈಲರಮ್ಮ ಸೊಸೆಯ ಟೀಯನ್ನೇ ದೂರುತ್ತಿದ್ದಳು. "ಡಾಂಬರಿನಂಥ ಟೀ ಕುಡಿಸಿ ನನ್ನ ಕೈ ನಡುಗೋ ಹಾಗೆ ಮಾಡಿದಾಳೆ" ಎಂದು ಪಕ್ಕದ ಮನೆಯವಳ ಮುಂದೆಯೂ ಆಡಿಕೊಂಡಿದ್ದಳು.

ಇವತ್ತು ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಥೈರಾಯ್ಡ್ ಸ್ವಲ್ಪ ಜಾಸ್ತಿಯಾಗಿದೆ. ನಡುಕ, ಸಿಡುಕು ಎಲ್ಲಾ ಅದರದ್ದೇ. ಮಾತ್ರೆ ಸಾಕು" ಎಂದರು. ಎದೆಯ ಆಪರೇಷನ್ನೇ ಗತಿಯೆಂದು ನಿದ್ದೆಗೆಟ್ಟಿದ್ದವಳಿಗೆ ಹೋದ ಜೀವ ಬಂದಂತಾಯಿತು. ಮನೆ ಹತ್ತಿರವಾದಂತೆ ಮಾತ್ರ ಮುಖ ಸಣ್ಣದಾಯಿತು.

ಮಾತ್ರೆಗಳನ್ನು ಅಂಗಿ ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಡುವಾಗ ಸೊಸೆ ಹಾಲು ತಂದಳು. "ಟೀಪುಡೀನೆಲ್ಲ ಪಕ್ಕದ ಮನೆಗೆ ಕೊಟ್ಟುಬಿಟ್ಟೆ ಅತ್ತೆ. ನನ್ನ ಕೈಯಾರೆ ನಿಮಗೆ ಕಾಯಿಲೆ ತರಿಸಿದೆನಲ್ಲ" ಎಂದು ಕಣ್ಣೊರೆಸಿಕೊಂಡಳು.

ಟೈಲರಮ್ಮ ತಲೆಯೆತ್ತದೆ ಮಾತ್ರೆಗಳನ್ನು ತೆಗೆದು ಅವಳ ಕೈಗಿಟ್ಟಳು.

"ನಿನ್ನ ಟೀದು ಏನೂ ತಪ್ಪಿಲ್ಲ ಕಣೇ, ಇದು ಥೈರಾಯ್ಡಂತೆ. ಹೋಗಿ ಪುಡಿ ಇಸ್ಕೊಂಡು ಬಾ... ಬೇಡ, ನಾನೇ ಹೋಗ್ತೀನಿ. ಅವಳಿಗೂ ನಾನೇ ಹೇಳಬೇಕಲ್ಲ."