ತೊನ್ನಿನ ಹೆಣ

"ಆಳವಾಗಿ ತೋಡ್ಲಾ, ಬೋಳಿಮಗನೆ! ಯೆಂಡ್ರು ಅಂತ ಮುದ್ದು ಮಾಡ್ತಾ ಕೆರೀತಿದ್ದೀಯೇನ್ಲಾ?"

ಊರ ಯಜಮಾನ ಸದಾಶಿವಪ್ಪ ಹೊಂಗೆಯ ನೆರಳಲ್ಲಿ ನಿಂತು, ಮೂಗಿಗೆ ಪಂಚೆಯ ಚುಂಗು ಒತ್ತಿಕೊಂಡು ಕೂಗಿದ. ಮಾರಯ್ಯ ಗುಂಡಿಯ ಅಂಚಿನಲ್ಲಿ ಗುದ್ದಲಿ ಊರಿ ನಿಂತ. ಹೋದ ಮಾಗಿಯಲ್ಲಿ ಹೆಂಡತಿ ಪುಟ್ಟಮಾದಿಯನ್ನು ಇಲ್ಲಿ ಮಲಗಿಸಿ ಮಣ್ಣೆಳೆದವನೂ ಅವನೇ. ಅವಳ ಮೈಮೇಲೆ ತೊನ್ನಿತ್ತು. ತೊನ್ನಿನ ಹೆಣ ಮಣ್ಣಲ್ಲಿದ್ದರೆ ಮಳೆಯಾಗದು, ತೆಗೆದು ಸುಡಬೇಕು ಎಂಬುದು ಊರ ಕಟ್ಟಳೆ. ತೆಗೆಯುವ ಕೆಲಸ ಹೊಲಗೇರಿಯದು.

"ಬುದ್ಧಿ, ಇವ್ಳು ಓಗಿ ವರ್ಸ ತುಂಬಿಲ್ಲ. ಮಳೆ ಕೆಟ್ಟು ಒಂಬತ್ತು ವರ್ಸಾಯ್ತು. ಇವ್ಳು ಬದುಕಿದ್ದಾಗ ಯಾರು ತಡುದ್ರು ಮಳೇನ?"

ಅದು ಕೇರಿಗೂ ಗೊತ್ತು, ಊರಿಗೂ ಗೊತ್ತು. ರೋಹಿಣಿಗೆ ಬೀಳುತ್ತಿದ್ದ ಮಳೆ ವರ್ಷದಿಂದ ವರ್ಷಕ್ಕೆ ತಡವಾಗುತ್ತಾ, ಈಗ ಅಷ್ಟಿಷ್ಟು ಹನಿಗೆ ಬೆಳೆದ ಜೋಳದ ತೆನೆ ಬಲಿತ ಮೇಲೆ ಚಿತ್ತೆಯಲ್ಲಿ ಸುರಿದು ಕಾಳೆಲ್ಲ ಕಪ್ಪಾಗಿಸಿ ಹೋಗುತ್ತಿತ್ತು.

"ನಂಗೇ ಲೆಕ್ಕ ಏಳ್ಕೊಡ್ತೀಯೇನ್ಲಾ, ಕೇರಿನಾಯಿ?"

"ಲೆಕ್ಕ ಅಲ್ಲ ಬುದ್ಧಿ. ಒಂಬತ್ತು ವರ್ಸದ್ ಇಂದೆ, ಆ ದೊಡ್ ಯುದ್ಧ ಮುಗುದ್ ವರ್ಸ ನಿಮ್ಮಪ್ಪಾರು ತೀರ್ಕಂಡ್ರು. ಗುಂಡಿ ತೋಡ್ದೋನು ನಾನೆಯ. ಮೊಕಕ್ಕೆ, ಎದೆಗೆ ಈಬೂತಿ ಬಳ್ದಿದ್ರಿ. ಬೆನ್ನಿಗೆ ಬಳಿಯೋದ ಮರ್ತ್ಬುಟ್ರಿ. ಇಳಿಸೋವಾಗ ನಾ ಕಂಡೆ, ಬೆನ್ನೆಲ್ಲ ತೊನ್ನು, ಬೆಳ್ಳಗಿತ್ತು. ಆ ವರ್ಸದಿಂದ್ಲೇ ರೋಣಿ ಮಳೆ ಇಲ್ಲ."

ಗುಂಡಿಯ ಸುತ್ತ ನಿಂತಿದ್ದ ಕೇರಿಯವರೆಲ್ಲ ನೆಲ ನೋಡಿದರು. ನೆರಳಿನಿಂದ ನುಗ್ಗಿ ಬಂದ ಸದಾಶಿವಪ್ಪನ ಕೆರದ ಕಾಲು ಮಾರಯ್ಯನ ಎದೆಗೆ ಬಿತ್ತು. ಅವನು ಅರ್ಧ ತೋಡಿದ ಗುಂಡಿಗೆ ಉರುಳಿದ.

"ನೋಡ್ತಾ ನಿಂತಿದ್ದೀರೇನ್ರಲಾ? ತೆಗೀರಿ!"

ಅಳಿಯ ಮಾದಸ್ವಾಮಿ ಗುಂಡಿಗಿಳಿದು ಮಾರಯ್ಯನ ಕಂಕುಳಿಗೆ ಕೈಹಾಕಿ ಎತ್ತಿದ. "ಏಳು ಮಾವ. ಇವ್ರ ವಲ ಬುಟ್ರೆ ನಾವು ಗೇಯಕ್ಕೆ ಬ್ಯಾರೆ ಯಾವ್ದದೆ? ಅತ್ತೆಗೆ ಈಗ ನೋವಾಗಕಿಲ್ಲ."

"ನಂಗಾಯ್ತದೆ ಕಣ್ಲಾ."

ಅಳಿಯನೇ ತೋಡಿದ. ಮದುವೆಯ ಸೀರೆಯ ಅಂಚು ಮೊದಲು ಕಂಡಿತು. ಉಳಿದದ್ದನ್ನು ಗೋಣಿಯಲ್ಲಿ ಸುತ್ತಿ ಹಳ್ಳದ ದಡಕ್ಕೆ ಹೊತ್ತು, ಜಾಲಿಸೌದೆಯ ಮೇಲಿಟ್ಟರು. ಬೆಂಕಿ ಹತ್ತಿದ್ದು ಕಂಡ ಮೇಲೆ ಸದಾಶಿವಪ್ಪ ಸ್ನಾನಕ್ಕೆ ಹೋದ. ಹೊಗೆ ನೆಟ್ಟಗೆ ಏರಿತು. ಅದನ್ನು ಅಲ್ಲಾಡಿಸುವಷ್ಟು ಗಾಳಿಯೂ ಇರಲಿಲ್ಲ.

ಮಾರಯ್ಯ ಬೂದಿಗೆ ಕಾಯಲಿಲ್ಲ. ಗುದ್ದಲಿ ಹೆಗಲಿಗೇರಿಸಿ, ಕೇರಿಯವರು ಕಾಲಿಡಬಾರದ ಯಜಮಾನರ ತೆಂಗಿನ ತೋಪಿಗೆ ನೇರ ನಡೆದ. ನಡುವೆ ಸದಾಶಿವಪ್ಪನ ಅಪ್ಪನ ಸುಣ್ಣ ಬಳಿದ ಗಾರೆಯ ಸಮಾಧಿ. ಮೊದಲ ಏಟಿಗೆ ಅದರ ಮೂಲೆ ಸಿಡಿಯಿತು. ಎರಡನೆಯದಕ್ಕೆ ಒಳಗಿನ ಇಟ್ಟಿಗೆ ಕಂಡಿತು.

ಮೂರನೆಯದಕ್ಕೆ ಎತ್ತಿದ ಕೈಯನ್ನು ಹಿಂದಿನಿಂದ ಯಾರೋ ಹಿಡಿದು ತಡೆದರು. ಮಾದಸ್ವಾಮಿ. ಅವನ ಉಗುರುಗಳಲ್ಲಿ ಪುಟ್ಟಮಾದಿಯ ಗುಂಡಿಯ ಮಣ್ಣು ಇನ್ನೂ ಅಂಟಿತ್ತು.