ಬೆಳಕು ನೋಡಲು ಕೂತವಳು

"ಖಾಲಿ ಕುರ್ಚಿ ಇಟ್ಕೊಂಡು ನೋಡಿದ್ರೆ ಬೆಳಕು ಗೊತ್ತಾಗಲ್ಲ ಸರ್. ಮನೇಲಿ ಯಾರಾದ್ರೂ ಇದ್ರೆ ಒಂದು ನಿಮಿಷ ಅಲ್ಲಿ ಕೂರಿಸ್ತೀರಾ?" ಎಂದಳು.

ಅವಳ ಕಂಪ್ಯೂಟರ್ ಪರದೆಯ ಮೇಲೆ ಬೀಗದಂಗಡಿ ಯಜಮಾನರ ನಡುಮನೆ ಕಾಣುತ್ತಿತ್ತು. ಬೀಗ ತಯಾರಿಸುವ ಕಂಪನಿ ತನ್ನ ವ್ಯಾಪಾರಿಗಳ ಸಭೆಯಲ್ಲಿ ತೋರಿಸಲು ಹಳೆಯ ಅಂಗಡಿಯವರ ನಾಲ್ಕು ಮಾತು ಬೇಕೆಂದಿತ್ತು. ಅವಳ ಕಚೇರಿಯವರು ಒಂದು ಫೋನು, ಸ್ಟ್ಯಾಂಡು, ಕಾಲರಿಗೆ ಸಿಕ್ಕಿಸುವ ಮೈಕು, ಒಂದು ದೀಪ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಅವರ ಮನೆಗೆ ಕಳಿಸಿದ್ದರು. ಚಿತ್ರ ದಾಖಲಾಗುವುದು ಆ ಫೋನಿನಲ್ಲೇ. ಊರಿನ ಈ ತುದಿಯಲ್ಲಿ, ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಸಣ್ಣ ಕೋಣೆಯಲ್ಲಿ ಕೂತು ಅದನ್ನು ಆಡಿಸುವವಳು ಅವಳು. ಅವಳ ದನಿ ಯಜಮಾನರ ಕಿವಿಯಲ್ಲಿದ್ದ ಇಯರ್‌ಫೋನಿಗೆ ಮಾತ್ರ ಕೇಳುತ್ತಿತ್ತು. ಅವಳ ಮುಖ ಅವರಿಗೆ ಕಾಣುತ್ತಿರಲಿಲ್ಲ. ಕಂಡರೆ ಮಾತಾಡುವವರು ಕ್ಯಾಮೆರಾ ಬಿಟ್ಟು ಆ ಮುಖವನ್ನೇ ನೋಡುತ್ತಾರೆಂದು ಅವಳ ಕಚೇರಿಯಲ್ಲಿ ಎಲ್ಲರೂ ತಮ್ಮ ಕ್ಯಾಮೆರಾ ಆರಿಸಿಕೊಂಡೇ ಕೆಲಸ ಮಾಡುವುದು.

ಸಂಜೆ ತರಗತಿಯಲ್ಲಿ ಕಲಿತ ವಿದ್ಯೆಯೆಂದೋ ಏನೋ, ಎಷ್ಟು ಸರಿಬಂದರೂ ಅವಳಿಗೆ ಸಮಾಧಾನವಿಲ್ಲ. ಕಚೇರಿಯವರು ಅವಳಿಗೆ 'ಇನ್ನೊಂದ್ಸಲ' ಎಂದೇ ಅಡ್ಡಹೆಸರಿಟ್ಟಿದ್ದರು. ಇನ್ನೊಂದ್ಸಲ ಬಂದಳು, ಇನ್ನೊಂದ್ಸಲ ಊಟಕ್ಕೆ ಹೋದಳು. ಅವಳೂ ನಗುತ್ತಿದ್ದಳು.

ಯಜಮಾನರು ಒಳಕ್ಕೆ ತಿರುಗಿ, "ಏ, ಬಾರೇ ಇಲ್ಲಿ. ಸುಮ್ನೆ ಒಂದು ನಿಮಿಷ ಕೂತ್ಕೋಬೇಕಂತೆ," ಎಂದರು.

ಹೆಂಡತಿ ಇರಬೇಕು ಎಂದುಕೊಂಡಳು. ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯಲ್ಲಿ ಕೂತವಳು ಅವಳದೇ ಅಮ್ಮ.

ಒಬ್ಬರ ಹಾಗೆ ಏಳು ಜನ ಇರುತ್ತಾರಂತೆ. ಮೊದಲು ಹೊಳೆದದ್ದು ಅದೇ. ಆದರೆ ಕ್ಯಾಮೆರಾ ಒಳ್ಳೆಯದು. ಚಿಕ್ಕಂದಿನಲ್ಲಿ ಬಿದ್ದು ಎಡಹುಬ್ಬು ಎರಡಾದ ಜಾಗವನ್ನೂ ಕೂದಲೆಳೆ ಬಿಡದೆ ತೋರಿಸುತ್ತಿತ್ತು. ಮೌಸ್ ಹಿಡಿದಿದ್ದ ಕೈ ಅಲ್ಲೇ ನಿಂತಿತು.

ಇವತ್ತು ಗುರುವಾರ. ಗುರುವಾರ ಅಮ್ಮ ದೊಡ್ಡಮ್ಮನ ಮನೆಗೆ ಹೋಗುವ ದಿನ. ದೊಡ್ಡಮ್ಮನ ಮಂಡಿಗೆ ಎಣ್ಣೆ ತಿಕ್ಕಬೇಕು. ಆ ಮಂಡಿ ಹೋದ ವರ್ಷದಿಂದ ವಾಸಿಯಾಗಿಯೇ ಇರಲಿಲ್ಲ. ಬೆಳಿಗ್ಗೆ ತಾನೇ ಅಮ್ಮನನ್ನು ಕೈಹಿಡಿದು ರಸ್ತೆ ದಾಟಿಸಿ, ಬಸ್ಸು ಹತ್ತಿಸಿ, ಜೋಪಾನವಾಗಿ ಇಳಿಸಿಬಿಡಿ ಎಂದು ಕಂಡಕ್ಟರಿಗೆ ಹೇಳಿ ಬಂದಿದ್ದಳು. ಅಪ್ಪ ಹೋದಮೇಲೆ ಅಮ್ಮನಿಗೆ ಎಲ್ಲದಕ್ಕೂ ಭಯ. ರಾತ್ರಿ ಒಬ್ಬಳೇ ಮಲಗಲಾರಳು. ಬಲ್ಬು ಹೋದರೆ ಮಗಳು ಬರುವತನಕ ಕತ್ತಲಲ್ಲೇ ಕೂತಿರುತ್ತಾಳೆ. ಬೇರೆ ಊರಲ್ಲಿ ತೆರೆಯುವ ಹೊಸ ಶಾಖೆಯನ್ನು ನೀನೇ ನೋಡಿಕೋ ಎಂದು ಕಚೇರಿಯ ಮುಖ್ಯಸ್ಥರು ಮತ್ತೆ ಮತ್ತೆ ಕೇಳಿದ್ದರು. ಇಂದು ಬೆಳಿಗ್ಗೆಯೂ ಕೇಳಿದ್ದರು. ಅಮ್ಮ ಒಬ್ಬಳೇ ಇರಲ್ಲ ಸರ್ ಎಂದು ಇವಳು ಎಂದಿನಂತೆ ತಲೆತಗ್ಗಿಸಿದ್ದಳು.

"ಮೇಡಂ, ಸರಿ ಇದೆಯಾ?" ಯಜಮಾನರು ಕೇಳಿದರು.

ಕಿಟಕಿಯಿಂದ ಬೆಳಕು ಜಾಸ್ತಿ ಬರ್ತಿದೆ ಎಂದಳು. ಅದು ಅವಳು ಹೇಳಿದ್ದಲ್ಲ, ರೂಢಿ ಹೇಳಿದ್ದು. ಯಜಮಾನರು ಅದನ್ನು ಗಟ್ಟಿಯಾಗಿ ಒಪ್ಪಿಸಿದರು. ಅಮ್ಮ ಎದ್ದು ಒಳಗಿಂದ ಒಂದು ಹೊದಿಕೆ ತಂದಳು. ಸ್ಟೂಲನ್ನು ಕಾಲಲ್ಲೇ ಕಿಟಕಿಯ ಬಳಿಗೆ ತಳ್ಳಿ, ಹತ್ತಿ ನಿಂತು, ಹೊದಿಕೆಯ ಎರಡು ತುದಿಯನ್ನು ಕಂಬಿಗೆ ಗಂಟುಹಾಕಿದಳು. ಸ್ಟೂಲು ಅಲುಗಿತು. ಅಮ್ಮ ಅಲುಗಲಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು, ಯಜಮಾನರು ಅಂದ ಯಾವುದೋ ಮಾತಿಗೆ ನಕ್ಕು, ದೊಪ್ಪನೆ ಕೆಳಗೆ ಹಾರಿದಳು.

ಮನೆಯಲ್ಲಿ ಹೊಸ್ತಿಲು ದಾಟಬೇಕಾದರೂ ಗೋಡೆ ಹಿಡಿಯುವವಳು.

ಬೆಳಕು ಸರಿಹೋಯಿತು. ಯಜಮಾನರು ಕೂತರು. ಬಾಯಿಪಾಠ ಮಾಡಿಕೊಂಡಿದ್ದನ್ನು ಪರೀಕ್ಷೆಗೆ ಬಂದ ಹುಡುಗನ ಹಾಗೆ ಉಸಿರು ಬಿಗಿಹಿಡಿದು ಒಪ್ಪಿಸತೊಡಗಿದರು. ಎರಡು ಸಲ ತಪ್ಪಿತು, ಮೂರನೆಯ ಸಲ ತಮ್ಮ ಅಂಗಡಿಯ ಹೆಸರೇ ಮರೆತುಹೋಯಿತು. ಇಂಥವರಿಗೆ ಅವಳಲ್ಲಿ ಒಂದು ಉಪಾಯವಿತ್ತು. ಕ್ಯಾಮೆರಾದ ಪಕ್ಕಕ್ಕೆ ಆಪ್ತರೊಬ್ಬರನ್ನು ಕೂರಿಸಿ, ಅವರಿಗೆ ಹೇಳುವ ಹಾಗೆ ಹೇಳಿ ಎನ್ನುವುದು. ಈಗ ಅದನ್ನು ಹೇಳಬಾರದು ಎಂದುಕೊಳ್ಳುವಷ್ಟರಲ್ಲಿ ಬಾಯಿ ಹೇಳಿಯಾಗಿತ್ತು.

ಅಮ್ಮ ಚೌಕಟ್ಟಿನಿಂದ ಹೊರಗೆ, ಫೋನಿನ ಬಗಲಲ್ಲಿ ಬಂದು ಕೂತಳು. ಯಜಮಾನರ ಮುಖ ಸಡಿಲವಾಯಿತು.

"ಬಂದೋರೆಲ್ಲ ದೊಡ್ಡ ಬೀಗ ಕೊಡಿ ಅಂತಾರೆ," ಅಂದರು. "ನಾನು ಮೊದಲು ಬಾಗಿಲು ಎಂಥದ್ದು ಅಂತ ಕೇಳ್ತೀನಿ. ಬಾಗಿಲೇ ಹುಳ ಹಿಡಿದಿದ್ರೆ ಬೀಗ ತಾನೇ ಏನು ಮಾಡುತ್ತೆ? ಕೆಲವರಿಗೆ ಬೀಗ ಬೇಡ, ಬಾಗಿಲು ರಿಪೇರಿ ಮಾಡಿಸ್ಕೊಳ್ಳಿ ಅಂತ ವಾಪಸ್ ಕಳಿಸಿದೀನಿ. ಅವರೇ ಆಮೇಲೆ ಹತ್ತು ಜನರನ್ನ ಕರ್ಕೊಂಡು ಬಂದಿದಾರೆ."

ಇಷ್ಟು ಜೀವಂತವಾದ ಮಾತು ಅವಳ ಕ್ಯಾಮೆರಾಕ್ಕೆ ಸಿಕ್ಕಿದ್ದೇ ಅಪರೂಪ. ಆದರೆ ಅವಳು ನೋಡುತ್ತಿದ್ದುದು ಅವರ ಕಣ್ಣನ್ನು. ಆ ಕಣ್ಣು ನೋಡುತ್ತಿದ್ದುದು ಅಮ್ಮನನ್ನು. ಗಂಟಲಿನಿಂದ ಏನೋ ಶಬ್ದ ಹೊರಟಿತು. ಅದು ಅವರ ಕಿವಿಗೆ ಬೀಳದಿರಲೆಂದು ತನ್ನ ಮೈಕು ಆರಿಸಿದಳು.

"ಬಂತಾ ಮೇಡಂ?" ಯಜಮಾನರು ಇಯರ್‌ಫೋನನ್ನು ಬೆರಳಿಂದ ಒತ್ತಿಕೊಂಡರು. "ಮೇಡಂ? ಲೈನ್ ಹೋಯ್ತು ಅನ್ಸುತ್ತೆ." ಯಜಮಾನರು ಇಯರ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಬರ್ತಾಳೆ ಬಿಡು. ಪಾಪ, ಆ ಹುಡುಗಿಗೆ ನಿನ್ನ ಸಹವಾಸ ಸಾಕಾಗಿರುತ್ತೆ," ಅಮ್ಮನ ದನಿ. "ನನ್ನ ಮಗಳೂ ಕಿವಿಗೆ ಸಿಕ್ಕಿಸ್ಕೊಂಡು ಇಂಥದ್ದೇ ಏನೋ ಮಾಡ್ತಾಳೆ."

"ಅವಳಿಗೆ ಯಾವತ್ತು ಹೇಳ್ತೀಯ?"

"ಹೇಳ್ತೀನಿ."

"ಹೋದ ತಿಂಗಳೂ ಹಿಂಗೇ ಅಂದೆ. ಅಷ್ಟೊಂದು ಹೆದರಿಕೆನಾ ಮಗಳಂದ್ರೆ?"

"ಹೆದರಿಕೆ ಅವಳಿಗೆ ಕಣೋ, ನನಗಲ್ಲ. ಹೊಸ ಊರು ಅಂದ್ರೆ ಭಯ, ಹೊಸ ಜನ ಅಂದ್ರೆ ಭಯ. ಎಲ್ಲಾದ್ರೂ ಹೋಗು ಅಂದ್ರೆ, ಅಮ್ಮ ಒಬ್ಬಳೇ ಇರಲ್ಲ ಅಂತಾಳೆ. ನನ್ನ ಹಿಂದೆ ಬಚ್ಚಿಟ್ಕೊಂಡಿದಾಳೆ. ಅದಕ್ಕೇ ನಾನೂ ಬಲ್ಬ್ ಹಾಕೋಕೆ ಬರದೇ ಇರೋಳ ಥರ ಕೂತಿರ್ತೀನಿ. ನಾನು ಗಟ್ಟಿಮುಟ್ಟಾಗಿದೀನಿ ಅಂತ ಗೊತ್ತಾದ್ರೆ ಆ ಮಗು ಯಾವ ನೆಪ ಹೇಳುತ್ತೆ, ಹೇಳು?"

ಯಜಮಾನರು ಕಾಲಕ್ರಮೇಣ ಸರಿಹೋಗುತ್ತೆ ಎಂಬಂತೆ ತಲೆಯಾಡಿಸಿದರು.

ಕೋಣೆಯ ಗೋಡೆಗಳು ಇನ್ನಷ್ಟು ಹತ್ತಿರ ಬಂದಂತಾಯಿತು. ಇಷ್ಟು ವರ್ಷ ಅಮ್ಮನನ್ನು ತಾನು ಹೊತ್ತುಕೊಂಡು ತಿರುಗುತ್ತಿದ್ದೇನೆ ಎಂದುಕೊಂಡಿದ್ದಳು. ಪರದೆಯ ಮೂಲೆಯಲ್ಲಿ ಅವಳ ಕ್ಯಾಮೆರಾದ ಗುಂಡಿಯಿತ್ತು. ಅದನ್ನು ಒತ್ತಿದರೆ ಆ ಮನೆಯ ಫೋನಿನಲ್ಲಿ ಇವಳ ಮುಖ ಮೂಡುತ್ತದೆ. ಅಷ್ಟೇ ಸಾಕು, ಅಮ್ಮನ ಗುರುವಾರಗಳು ಮುಗಿದಂತೆಯೇ. ಮೌಸಿನ ಬಾಣ ಆ ಗುಂಡಿಯ ಮೇಲೆ ಹೋಯಿತು. ಒತ್ತಿಬಿಡಬೇಕು ಎನಿಸಿತು, ನಿಜವಾಗಿಯೂ ಎನಿಸಿತು.

ಆಗ ಕೆಂಪು ಚುಕ್ಕೆ ಕಣ್ಣಿಗೆ ಬಿತ್ತು. ರೆಕಾರ್ಡಿಂಗ್ ನಿಲ್ಲಿಸಿಯೇ ಇರಲಿಲ್ಲ.

ಈ ತುಣುಕು ಹಾಗೇ ಪೂರ್ತಿ ಸಂಕಲನಕಾರನ ಮೇಜಿಗೆ ಹೋಗುತ್ತದೆ. ಅವನು ಮನೆಗೆ ಬಂದು ಅಮ್ಮನ ಕೈಯೂಟ ಉಂಡವನು, ದನಿ ಗುರುತು ಹಿಡಿಯದೆ ಇರುವುದಿಲ್ಲ. ಅವನಿಗೆ ಗೊತ್ತಾದರೆ ಊರಿಗೆ ಡಂಗುರ ಸಾರಿದ ಹಾಗೆ. ಇವತ್ತಿನ ಒಳ್ಳೆಯ ತುಣುಕೆಂದರೆ ಇದೊಂದೇ. ಒಳ್ಳೆಯದನ್ನು ಅಳಿಸಿದ್ದು ಅವಳ ಕೆಲಸದಲ್ಲಿ ಈವರೆಗೆ ಇಲ್ಲ. ಅಳಿಸಬೇಕೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದಳು. ಖಚಿತವೇ ಎಂದು ಮತ್ತೆ ಕೇಳಿತು. ಮತ್ತೆ ಒತ್ತಿದಳು.

ನೀರು ಕುಡಿದು, ಮೈಕು ಹಾಕಿ, ಕರೆದಳು. ಯಜಮಾನರು ಗಡಿಬಿಡಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡರು.

"ಕ್ಷಮಿಸಿ ಸರ್, ಶಬ್ದ ಸರಿ ಬಂದಿಲ್ಲ. ತಪ್ಪು ನನ್ನದೇ. ಅವರು ಅಲ್ಲೇ ಕೂತಿರ್ಲಿ, ಅವರಿಗೇ ಹೇಳಿ."

ಈ ಸಲ ಬಾಗಿಲಿನ ಮಾತು ಅಷ್ಟು ಚೆನ್ನಾಗಿ ಬರಲಿಲ್ಲ. ಹುಳದ ಮಾತಂತೂ ಬಿಟ್ಟೇಹೋಯಿತು. ಚೆನ್ನಾಗಿದೆ ಸರ್, ಸಾಕು ಎಂದಳು.

ಅವರಿಗೆ ಆಶ್ಚರ್ಯವಾದಂತಿತ್ತು. ಯಾರೋ ಏನೋ ಹೇಳಿಕೊಟ್ಟಂತೆ ಪಕ್ಕಕ್ಕೆ ಕಿವಿಗೊಟ್ಟು, ನಿಮಗೆ ತುಂಬ ತಾಳ್ಮೆ ಅಂತ ಇವಳು ಹೇಳ್ತಿದಾಳೆ ಮೇಡಂ, ನಿಮ್ಮ ಹೆಸರೇನು ಅಂತ ಕೇಳ್ತಿದಾಳೆ ಎಂದರು. ಅವಳು ತನ್ನದರ ಬದಲು ಕಚೇರಿಯ ಹೆಸರು ಹೇಳಿದಳು.

ಕೊನೆಗೊಂದು ಕೆಲಸ ಉಳಿದಿತ್ತು. ಎಲ್ಲ ಕಡೆಯೂ ಮುಗಿಸುವ ಮುಂಚೆ ಆ ಕೋಣೆಯ ಮೌನವನ್ನು ಅರ್ಧ ನಿಮಿಷ ದಾಖಲಿಸಿಕೊಳ್ಳಬೇಕು. ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ನಡುವೆ ತುಂಬಲು ಅದು ಬೇಕಾಗುತ್ತದೆ. ನಾನು ಹೇಳೋವರೆಗೂ ಇಬ್ಬರೂ ಮಾತಾಡ್ಬೇಡಿ, ನೀವು ಅಲ್ಲಾಡ್ಲೂಬೇಡಿ ಎಂದಳು.

ಯಜಮಾನರು ಕೈಗಳನ್ನು ಮಂಡಿಯ ಮೇಲಿಟ್ಟು ಕೂತರು. ಹೆಡ್‌ಫೋನಿನಲ್ಲಿ ಎಲ್ಲೋ ನಲ್ಲಿ ತೊಟ್ಟಿಕ್ಕುವುದು, ಹೊರಗೆ ಬಸ್ಸೊಂದು ಗೇರು ಬದಲಿಸುವುದು, ಇಬ್ಬರ ಉಸಿರು ಕೇಳುತ್ತಿದ್ದವು. ಒಂದು ಉಸಿರು ಅವಳಿಗೆ ಗೊತ್ತಿತ್ತು. ಅರ್ಧ ನಿಮಿಷ ಆಯಿತು. ಒಂದು ನಿಮಿಷವೂ ಆಯಿತು. ಯಜಮಾನರು ಕಣ್ಣಷ್ಟೇ ಹೊರಳಿಸಿ ಪಕ್ಕಕ್ಕೆ ನೋಡಿದರು. ಚೌಕಟ್ಟಿನ ಅಂಚಿನಿಂದ ಅಮ್ಮನ ಕೈ ಸದ್ದಿಲ್ಲದೆ ಒಳಗೆ ಬಂತು. ಅವರ ಭುಜಕ್ಕೆ ಅಂಟಿದ್ದ ಹೊದಿಕೆಯ ನೂಲೊಂದನ್ನು ಹೆಕ್ಕಿತು. ಹೆಕ್ಕಿದ ಮೇಲೂ ಅಲ್ಲೇ ಇತ್ತು. ಯಜಮಾನರು ಅಲ್ಲಾಡದೆ ಕೂತಿದ್ದರು. ಸಾಕು ಎಂದು ಅವಳು ಇನ್ನೂ ಹೇಳಿರಲಿಲ್ಲ.